ಮೂರೇ ಗಾಜು ಉಜ್ಜುತ್ತಿದ್ದವರು

ಅಂಗಿಯ ಬಲತೋಳನ್ನು ಮೊಣಕೈ ಮೇಲಕ್ಕೆ ಮಡಿಸಿ, ಎಡತೋಳಿಗೆ ಮಾತ್ರ ಮಣಿಕಟ್ಟಿನಲ್ಲಿ ಗುಂಡಿ ಹಾಕಿಕೊಂಡು ಓಡಾಡುತ್ತಿದ್ದ ಮನುಷ್ಯ ಅವರು. ಮದುವೆಗೆ ಹೋದರೂ ಹಾಗೆಯೇ. ಲಿಫ್ಟು ರಿಪೇರಿ ಅವರ ಕೆಲಸ, ಅದಕ್ಕೇ ಎಲ್ಲರ ಬಾಯಲ್ಲೂ ಲಿಫ್ಟಣ್ಣ. ಕೊನೆಯ ದಿನ ಬೆಳಗ್ಗೆಯೂ ಆ ಬಲಗೈ ಮೀನಿನ ತೊಟ್ಟಿಯೊಳಗೇ ಇತ್ತು. ಅವಧಿ ಮುಗಿದ ತಮ್ಮ ಗುರುತುಚೀಟಿಯ ಅಂಚಿನಿಂದ ಗಾಜಿನ ಪಾಚಿ ಕೆರೆಯುತ್ತಿದ್ದರು. ಎಷ್ಟೋ ವರ್ಷ ಕೆರೆದು ಕೆರೆದು ಚೀಟಿಯಲ್ಲಿದ್ದ ಮುಖ ಅಳಿಸಿಹೋಗಿ, ಕಿವಿ ಎರಡು ಮಾತ್ರ ಉಳಿದಿದ್ದವು.

ಮುಂದಿನ ಗಾಜು ಆಯಿತು, ಎಡದ್ದು ಆಯಿತು, ಬಲದ್ದೂ ಆಯಿತು. ಹಿಂದಿನದನ್ನು ಮುಟ್ಟಲಿಲ್ಲ. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಮುಟ್ಟಿದವರಲ್ಲ. ಅಲ್ಲಿ ಪಾಚಿ ದಪ್ಪ ಕಂಬಳಿಯ ಹಾಗೆ ಬೆಳೆದಿತ್ತು. ಪಾತ್ರೆಯ ತಳದಲ್ಲಿ ಒಂದು ಕಲೆ ಉಳಿದರೂ ಸಹಿಸದ ಹೆಂಡತಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

"ರೀ, ಮೂರು ಕಡೆ ಉಜ್ಜಿ ಒಂದು ಕಡೆ ಬಿಡೋದು ಯಾವ ಸೀಮೆ ಕೆಲಸ? ಇತ್ಲಾಗ್ ಕೊಡಿ, ನಾನೇ ಉಜ್ತೀನಿ."

"ನೀನ್ಯಾಕೆ ಕೈ ಹಾಕ್ತೀಯ? ನಾನಿದ್ದೀನಲ್ಲ."

ಫ್ಯೂಸು ಹೋದರೂ ಇದೇ ಮಾತು, ನಲ್ಲಿ ಸೋರಿದರೂ ಇದೇ ಮಾತು. ಕೈ ಒರೆಸಿಕೊಂಡು, ತೊಟ್ಟಿಯ ದೀಪ ಹಾಕಿ, ಎರಡು ಹೆಜ್ಜೆಗಳ ನಡುವೆ ಏನೋ ಸದ್ದಿಗೆ ಕಿವಿಗೊಡುವವರ ಹಾಗೆ ತಡೆದು ತಡೆದು ನಡೆಯುವ ಆ ನಡಿಗೆಯಲ್ಲೇ ಹೊರಟರು. ಮಧ್ಯಾಹ್ನ ಎರಡಕ್ಕೆ ಯಾವುದೋ ಕಚೇರಿಯ ತಾರಸಿಯ ಮೇಲೆ, ಲಿಫ್ಟಿನ ಯಂತ್ರದ ಕೋಣೆಯಲ್ಲಿ, ಸ್ಪ್ಯಾನರ್ ಹಿಡಿದುಕೊಂಡೇ ಕುಳಿತರು. ಏಳಲಿಲ್ಲ. ಎದೆಬಡಿತ ನಿಂತಿತ್ತು.

ಮುಂದಿನ ಎರಡು ವಾರ ಮನೆ ತುಂಬ ಜನ. ಹೆಂಡತಿಗೆ ಏನು ಹೇಳಬೇಕೆಂದು ತಿಳಿಯದವರೆಲ್ಲ ತೊಟ್ಟಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. "ಪಾಪ, ಇವಕ್ಕೂ ಯಾರೂ ಇಲ್ಲ" ಎಂದು ಒಂದು ಚಿಟಿಕೆ ಆಹಾರ ಉದುರಿಸುತ್ತಿದ್ದರು. ದೀಪ ಆರಿಸುವುದು ಯಾರ ತಲೆಗೂ ಹೊಳೆಯಲಿಲ್ಲ; ಅದು ಹಗಲೂ ರಾತ್ರಿ ಉರಿಯಿತು. ಜನ ಕರಗಿದ ಮೇಲೆ ನೋಡಿದರೆ ನೀರು ಹಸಿರು ಬಣ್ಣ ಕದಡಿದ ಹಾಗಿತ್ತು. ಆರು ಮೀನುಗಳಲ್ಲಿ ಒಂದೂ ಕಾಣಲಿಲ್ಲ.

ಕೆಳಗಿನ ಮನೆಯ ನಾದಿನಿ ಮೂಗು ಮುಚ್ಚಿಕೊಂಡಳು. "ಅತ್ತಿಗೆ, ಯಾರಿಗಾದ್ರೂ ಕೊಟ್ಬಿಡಿ. ಅಣ್ಣನೇ ಇಲ್ಲ, ಇದನ್ನ ಕಟ್ಕೊಂಡು ಏನ್ಮಾಡ್ತೀರ?"

"ನಿಮ್ಮಣ್ಣನ್ನೇ ಯಾರಿಗಾದ್ರೂ ಕೊಡೋಣ ಅಂತಿದ್ದೆ. ಆಗ ಯಾರೂ ಕೇಳ್ಲಿಲ್ಲ. ಈಗ ಮೀನು ಕೇಳ್ತೀಯ."

ನಾದಿನಿ ನಕ್ಕಳು, ಆಮೇಲೆ ಅತ್ತಳು. ಇವಳು ಅಳಲಿಲ್ಲ. ಗಂಡನ ಆ ಬಲಗೈಯನ್ನು ಕಂಡರೆ ನೀರಿನ ಮೇಲಕ್ಕೆ ಬರುತ್ತಿದ್ದ ಜೀವಗಳು ಆ ಮೀನುಗಳು. ಸಾಯಲು ಬಿಡುವುದಿಲ್ಲ ಎಂದು ಹಟ ಹಿಡಿದಳು.

ಹಟಕ್ಕೆ ಬಿದ್ದವಳು ತನಗೆ ಗೊತ್ತಿದ್ದುದನ್ನೇ ಮಾಡಿದಳು. ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ನೀರನ್ನೆಲ್ಲ ಚೆಲ್ಲಿ, ನಾಲ್ಕೂ ಗಾಜನ್ನು ತಿಕ್ಕಿ ತೊಳೆದು, ನಲ್ಲಿಯಿಂದಲೇ ನೇರವಾಗಿ ತುಂಬಿಸಿದಳು. ತೊಟ್ಟಿ ಹೊಸದರಂತೆ ಹೊಳೆಯಿತು. ಮರುದಿನ ಎರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ವಾರ ಕಳೆಯುವುದರೊಳಗೆ ನೀರು ಮತ್ತೆ ಹಸಿರು.

ಆಗ ಮೀನಿನ ಅಂಗಡಿಗೆ ಹೋದಳು. ನಡೆದುದನ್ನೆಲ್ಲ ಕೇಳಿದ ಅಂಗಡಿಯವನು ಕೊನೆಗೆ ಒಂದೇ ಪ್ರಶ್ನೆ ಕೇಳಿದ.

"ಹಿಂದಿನ ಗಾಜೂ ಉಜ್ಜಿದ್ರಾ ಅಮ್ಮ?"

"ಮೊದ್ಲು ಉಜ್ಜಿದ್ದೇ ಅದನ್ನ."

"ನೀರಲ್ಲಿರೋ ಕೊಳೆ ಸಾರನೆಲ್ಲ ಅದು ತಿಂತಿತ್ತು. ಅದು ಇದ್ದಿದ್ರಿಂದ್ಲೇ ನೀರು ತಿಳಿಯಾಗಿತ್ತು. ಈಗ ಆ ಸಾರ ತಿಂದು ನೀರೇ ಪಾಚಿ ಆಗಿದೆ. ಮೊದ್ಲ ಸಲ ಹಸಿರಾಗಿದ್ದು, ಬಂದವರೆಲ್ಲ ಚಿಟಿಕೆ ಚಿಟಿಕೆ ಹಾಕಿ, ದೀಪಾನೂ ಆರಿಸದೇ ಬಿಟ್ಟಿದ್ರಿಂದ. ನಿಮ್ಮನೇಲಿ ಸಾವು, ಮೀನಿಗೆ ದಿನಾ ಮದುವೆ ಊಟ." ಅಂದವನೇ ನಾಲಗೆ ಕಚ್ಚಿಕೊಂಡ.

ಅವಳಿಗೆ ನಗು ಬಂತು. ಅವರು ಹೋದ ಮೇಲೆ ಅದೇ ಮೊದಲು.

"ನಿಮ್ಮವರು ಇದೆಲ್ಲ ಹೇಳಿಕೊಟ್ಟಿರ್ಲಿಲ್ವಾ?"

"ಹೇಳಿಕೊಡೋ ಪೈಕಿ ಅಲ್ಲ ಅವ್ರು."

ಅವನು ಹೇಳಿದಂತೆ ದೀಪ ಆರಿಸಿದಳು. ಆಹಾರ ನಿಲ್ಲಿಸಿದಳು. ಗಾಳಿಯ ಪಂಪನ್ನು ಮಾತ್ರ ಬಿಟ್ಟು, ಬೆಳಕು ನುಸುಳದ ಹಾಗೆ ತೊಟ್ಟಿಯ ಮೇಲೆ ಗಂಡನ ಖಾಕಿ ಕೋಟನ್ನು ಹೊದಿಸಿ, ಅದರ ಮೇಲೊಂದು ಜಮಖಾನೆ ಮುಚ್ಚಿದಳು. ನಾಲ್ಕು ದಿನ ತೆಗೆದು ನೋಡುವಂತಿಲ್ಲ. ಒಳಗೆ ಉಳಿದ ನಾಲ್ಕೂ ಇವೆಯೋ ಸತ್ತಿವೆಯೋ ಗೊತ್ತಿಲ್ಲ. ಪಂಪಿನ ಸದ್ದು ಕೇಳುತ್ತ ಎದುರಿಗೆ ಕುಳಿತವಳಿಗೆ ಮೂರನೆಯ ದಿನ ತಡೆಯಲಾಗಲಿಲ್ಲ. ಕೋಟಿಗೇ ಬೈದಳು. "ಎಲ್ಲಕ್ಕೂ ನಾನಿದ್ದೀನಿ ಅಂದ್ರಿ. ಈಗ ಎಲ್ಲಿದ್ದೀರ?" ಆಗ ಅಳು ಬಂತು.

ಐದನೆಯ ಬೆಳಗ್ಗೆ ಮುಚ್ಚಿದ್ದನ್ನು ತೆಗೆದಳು. ನೀರು ಹಳೆಯ ಕನ್ನಡಕದಷ್ಟು ಮಂಕಾಗಿತ್ತು, ಆದರೆ ಹಸಿರಿರಲಿಲ್ಲ. ನಾಲ್ಕೂ ಮೀನು ಬದುಕಿದ್ದವು. ಕಾಲು ಭಾಗ ನೀರನ್ನಷ್ಟೇ ತೆಗೆದು, ಎರಡು ಮೀನನ್ನು ಕೊಂದಿದ್ದ ನಲ್ಲಿ ನೀರಿನ ಕ್ಲೋರಿನ್ ಹೋಗಲೆಂದು, ಅಂಗಡಿಯವನು ಹೇಳಿದಂತೆ ಹಿಂದಿನ ದಿನವೇ ಹಿಡಿದಿಟ್ಟಿದ್ದ ನೀರು ಹಾಕಿದಳು.

ಇಂಥ ಗಂಡಸರು ಒಳ್ಳೆಯವರೇ. ಮನೆಯ ಭಾರವನ್ನೆಲ್ಲ ತಾವೇ ಹೊರುತ್ತಾರೆ, ಹೆಂಡತಿಯ ಕೈಗೆ ಮಸಿ ತಾಗದಂತೆ ನೋಡಿಕೊಳ್ಳುತ್ತಾರೆ, ಅದನ್ನೇ ಪ್ರೀತಿ ಎಂದು ತಿಳಿಯುತ್ತಾರೆ. ಪ್ರೀತಿಯೇ ಅದು, ಇಲ್ಲವೆನ್ನಲಾಗದು. ಆದರೆ ಮಾಡುವವರು ಹೋದ ಮೇಲೂ ಕೆಲಸ ಉಳಿಯುತ್ತದೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಒಂದು ಮಾತಿನಲ್ಲಿ ಹೇಳಿ ಮುಗಿಸಬಹುದಾದುದನ್ನು ಉಳಿದವರು ಎರಡು ಮೀನು ಕೊಂದು ಕಲಿಯಬೇಕಾಗುತ್ತದೆ.

ಈಗ ದಿನಾ ಬೆಳಗ್ಗೆ ಅವಳು ನಾಳೆಗೆಂದು ಒಂದು ಬಕೆಟ್ಟು ನೀರು ಹಿಡಿದಿಟ್ಟು, ಮೆಟ್ಟಿಲ ಬಳಿ ನಿಂತು ನಾದಿನಿಯನ್ನು ಕೂಗುತ್ತಾಳೆ. ಅವಳು ಗೊಣಗುತ್ತಲೇ ಮೇಲೆ ಬರುತ್ತಾಳೆ. ಇವಳು ಅವಳ ಕೈಯಲ್ಲೇ ತೊಟ್ಟಿಯಿಂದ ಎರಡು ಚೊಂಬು ತೆಗೆಸಿ, ನಿನ್ನೆಯ ಬಕೆಟ್ಟಿನಿಂದ ಎರಡು ಚೊಂಬು ಹಾಕಿಸುತ್ತಾಳೆ. ತಾನು ಕೈ ಹಾಕುವುದಿಲ್ಲ, ಪಕ್ಕದಲ್ಲಿ ನಿಂತು ಹೇಳುತ್ತಾಳೆ.

"ನಿಧಾನ. ಗಾಜಿನ ಮೇಲಿಂದ ಇಳಿಸು, ಮೀನಿನ ತಲೆ ಮೇಲೆ ಸುರೀಬೇಡ."