ಹುಲ್ಲಪ್ಪನ ದೋಣಿಯ ಕುಡಿಯುವ ನೀರು

ಮುಚಖಂಡಿ ಕೆರೆಯ ದೋಣಿ ಕಾಯುವ ಹುಲ್ಲಪ್ಪನಿಗೆ ಮೂಗು ಇತ್ತು, ವಾಸನೆ ಗೊತ್ತಾಗುತ್ತಿರಲಿಲ್ಲ. ಹಿಂದೊಮ್ಮೆ ಬಂದ ವಿಷಮಜ್ವರ ಬಿಟ್ಟುಹೋಗುವಾಗ ಅದನ್ನೂ ಗಂಟುಕಟ್ಟಿಕೊಂಡು ಹೋಗಿತ್ತು. ಅವನಿಗೆ ಮಲ್ಲಿಗೆಯೂ ಅಷ್ಟೇ, ಸತ್ತ ಇಲಿಯೂ ಅಷ್ಟೇ. ಉಪ್ಪು ಖಾರ ನಾಲಿಗೆಗೆ ತಿಳಿಯುತ್ತಿತ್ತು; ನೀರು ಹಳತೋ ಹೊಸತೋ ಎಂದರೆ ಮಾತ್ರ ಪೆದ್ದನ ಹಾಗೆ ನಿಲ್ಲುತ್ತಿದ್ದ. ಬೇರೆಯವರಿಗಾದರೆ ಇದೇನು ದೊಡ್ಡ ಮಾತಲ್ಲ. ಆದರೆ ಈ ಮಹಾರಾಯನ ಕೆಲಸವೇ ದೋಣಿಯ ಕುಡಿಯುವ ನೀರನ್ನು ಚೊಕ್ಕಟವಾಗಿ ಇಡುವುದು.

ಇದು ಎಪ್ಪತ್ತೊಂಬತ್ತರ ಮಾತು. ದೋಣಿಯನ್ನು ಬಾಗಲಕೋಟೆಯ ನಾಲ್ಕೈದು ಸಾಹುಕಾರರು ಕೂಡಿ ಮೋಜಿಗೆಂದು ತರಿಸಿದ್ದರು. ಭಾನುವಾರ ಹೆಂಡಿರು ಮಕ್ಕಳೊಂದಿಗೆ ಬಂದು ಕೆರೆ ಸುತ್ತುವರು, ದೋಣಿಯಲ್ಲೇ ಸ್ಟೋವ್ ಹಚ್ಚಿ ಚಹಾ ಕಾಸುವರು. ಎಮ್ಮೆ ಮೈತೊಳೆಯುವ ಕೆರೆಯ ನೀರನ್ನು ಸಾಹುಕಾರರು ಕುಡಿದಾರೆಯೇ? ಅದಕ್ಕೇ ಕೂರುವ ಹಲಗೆಯ ಕೆಳಗೆ ತಗಡಿನ ಟಾಕಿ, ಅದರಿಂದ ರಬ್ಬರ್ ಪೈಪು, ಒಂದು ಕೈಪಂಪು, ಆಚೆ ತುದಿಗೊಂದು ನಳ. ಹುಲ್ಲಪ್ಪ ವಾರಕ್ಕೊಮ್ಮೆ ಹಳೇ ನೀರು ಬಿಟ್ಟು, ಟಾಕಿಯೊಳಗೆ ಕೈಹಾಕಿ ತಿಕ್ಕಿ, ಬ್ಲೀಚಿಂಗ್ ಪೌಡರ್ ಕದಡಿದ ನೀರನ್ನು ಪೈಪಿನ ತುದಿಯವರೆಗೂ ಹಾಯಿಸಿ ನಿಲ್ಲಿಸುವನು. ಆಮೇಲೆ ವಾಸನೆ ಹೋಗುವತನಕ ತೊಳೆದು, ಒಡ್ಡಿನ ಹಿಂದಿನ ಬಾವಿಯ ಸಿಹಿನೀರು ಹೊತ್ತು ತುಂಬಬೇಕು. ವಾಸನೆ ಹೋಗುವತನಕ! ಪೇಚು ಬಂದದ್ದೇ ಅಲ್ಲಿ.

ಹೆಂಡತಿ ರಂಗವ್ವ ಇರುವತನಕ ಈ ಪೇಚು ಯಾರಿಗೂ ತಿಳಿಯಲಿಲ್ಲ. ಪಂಪಿನ ಹಿಡಿಕೆ ಬಲು ಬಿರುಸು, ಎರಡು ಕೈ ಬೇಕು. ಶನಿವಾರ ಸಂಜೆ ಅವನು ಪಂಪು ಹೊಡೆಯುವನು, ಅವಳು ನಳಕ್ಕೆ ಬೊಗಸೆ ಒಡ್ಡಿ ಕುಡಿದು, "ಚಲೋ ಐತಿ" ಎನ್ನುವಳು, ಇಲ್ಲವೇ "ಇನ್ನೊಮ್ಮಿ ತೊಳಿ" ಎನ್ನುವಳು. ಕಾರಹುಣ್ಣಿಮೆಯ ಮಗ್ಗುಲಿಗೆ ಅವಳು ಎರಡು ದಿನದ ಜ್ವರಕ್ಕೆ ತೀರಿಕೊಂಡಳು. ಅಂದಿನಿಂದ ಹುಲ್ಲಪ್ಪ ತಾನೇ ಪಂಪು ಹೊಡೆದು, ತಾನೇ ಆ ತುದಿಗೆ ಓಡಿ, ಕೊನೆಯ ಹನಿಗಳನ್ನು ಅಂಗೈಯಲ್ಲಿ ಹಿಡಿದು, "ಹೆಂಗೈತಿ?" ಎಂದು ಗಟ್ಟಿಯಾಗಿ ಕೇಳುತ್ತಿದ್ದ. ಹೇಳುವವರು ಯಾರು? ಕೆರೆ ಬಾಯಿಬಿಡುತ್ತಿರಲಿಲ್ಲ. ಬೀರಪ್ಪನಿಗೊಂದು ಹರಕೆ ಹೊತ್ತು, ಲೆಕ್ಕಕ್ಕಿಂತ ಒಂದು ಸಲ ಹೆಚ್ಚೇ ತೊಳೆದುಬಿಡುತ್ತಿದ್ದ.

ಮಳೆಗಾಲ ಮುಗಿದ ಮೇಲೆ ಒಂದು ಶನಿವಾರ ಪೈಪು ಬಿಚ್ಚಿದರೆ ಒಳಗೆ ಹಸಿರು ಪಾಚಿ. ಗಾಬರಿಯಾಗಿ ಪೌಡರನ್ನು ಕೈಗೆ ಬಂದಷ್ಟು ಸುರಿದ, ತಿಕ್ಕಿದ, ತೊಳೆದ. ಅಷ್ಟರಲ್ಲಿ ಸಾಹುಕಾರರ ಆಳು ಸೈಕಲ್ಲಿನ ಮೇಲೆ ಬಂದು ಹೇಳಿದ. "ನಾಳೆ ಸಾಹುಕಾರ್ರ ಮಗಳು ಕೂಸಿನ್ನ ಕರ್ಕೊಂಡು ಬರ್ತಾಳ. ಕೂಸಿಗೆ ಪುಡಿ ಹಾಲು ಕದಡೂದು ಈ ನೀರಾಗನ. ಹುಷಾರ್."

ಹುಲ್ಲಪ್ಪ ಕೈಯಲ್ಲಿದ್ದ ಪೈಪನ್ನು ಕೆಳಗಿಟ್ಟ. ಮೂಗಿನ ಗುಟ್ಟು ರಟ್ಟಾಗಿ ಕೆಲಸ ಹೋದರೆ ಹೋಗಲಿ. ಎಳೇ ಕೂಸಿಗೆ ಏನಾದರೂ ಆದರೆ? ನೀರನ್ನು ಯಾರಾದರೂ ಕುಡಿದು ನೋಡಲೇಬೇಕು. ಸುತ್ತಮುತ್ತ ಇದ್ದವನು ಒಬ್ಬನೇ, ಒಡ್ಡಿನ ಆ ತುದಿಯಲ್ಲಿ ಮೀನಿನ ಗುತ್ತಿಗೆ ಹಿಡಿದಿದ್ದ ಚಮನಸಾಬ.

ಒಂದು ಕಾಲಕ್ಕೆ ಇಬ್ಬರೂ ಒಂದೇ ಗಂಗಾಳದಲ್ಲಿ ಉಂಡವರು. ಐದಾರು ವರ್ಷದ ಹಿಂದೆ ಚಮನಸಾಬನ ಹೊಸ ಬಲೆ ದೋಣಿಯ ಇಂಜಿನ್ನಿನ ಪಂಖಕ್ಕೆ ಸುತ್ತಿಕೊಂಡಿತು. ಸಾಹುಕಾರರು ಒದರಾಡಿದರೆಂದು ಹುಲ್ಲಪ್ಪ ಕುಡುಗೋಲಿನಿಂದ ಅದನ್ನು ಚಿಂದಿ ಮಾಡಿದ. ತಪ್ಪಾಯಿತು ಅನ್ನುವುದು ಬಿಟ್ಟು, "ದೋಣಿ ದಾರ್ಯಾಗ ಬಲಿ ಯಾಕ ಹಾಕಿದಿ?" ಎಂದು ಏರಿಹೋದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. "ಇನ್ನ ನಿನ್ನ ಕೈಯಾಗಿನ ನೀರು ಕುಡಿಯಂಗಿಲ್ಲ" ಎಂದುಬಿಟ್ಟ ಚಮನಸಾಬ. ನಮ್ಮ ಕಡೆ ಈ ಮಾತು ಹಗುರಲ್ಲ. ಇದನ್ನು ಆಡಿದವರು ಆಡಿದ ಹಾಗೇ ಸತ್ತದ್ದುಂಟು. ರಂಗವ್ವನ ಮಣ್ಣಿಗೂ ಅವನು ಬಂದು, ಒಂದು ಹಿಡಿ ಹಾಕಿ, ತುಟಿ ಬಿಚ್ಚದೆ ಹೋಗಿದ್ದ.

ಹೊತ್ತು ಇಳಿಯುತ್ತಿತ್ತು. ಹುಲ್ಲಪ್ಪ ಒಡ್ಡಿನ ಮೇಲೆ ನಡೆದ. ಚಮನಸಾಬ ಒಬ್ಬನೇ ಒಲೆ ಊದುತ್ತ ಕೂತಿದ್ದ. ಹೆಂಡತಿ ಮಾಬುಬಿ ಮಗಳ ಬಾಣಂತನಕ್ಕೆಂದು ಇಳಕಲ್ಲಿಗೆ ಹೋಗಿದ್ದಳು.

"ಯಾಕ ಬಂದಿ?"

"ನನಗ ವಾಸನಿ ತಿಳ್ಯಾಂಗಿಲ್ಲ, ಚಮನಸಾಬ. ಜ್ವರ ಬಂದಾಗಿಂದ. ರಂಗಿ ನೋಡಿ ಹೇಳ್ತಿದ್ಲು." ಹೊರಗಿನವರಿಗೆ ಅವನು ಇದನ್ನು ಹೇಳಿದ್ದು ಅದೇ ಮೊದಲು. "ನಾಳೆ ಒಂದು ಕೂಸು ಆ ನೀರು ಕುಡಿತೈತಿ."

ಚಮನಸಾಬ ಅವನ ಮುಖ ನೋಡಲಿಲ್ಲ. ಊದುಗೊಳವೆ ಪಕ್ಕಕ್ಕಿಟ್ಟ. "ನಡಿ" ಎಂದ.

ಟಾಕಿಯ ಮುಚ್ಚಳ ತೆಗೆದದ್ದೇ ಅವನು ಮೂಗು ಮುಚ್ಚಿಕೊಂಡ. "ಪೌಡರ್ ಹೊಡಿತೈತಿ. ಎಷ್ಟ ಸಲ ತೊಳದಿ?"

"ಭಾಳ ಸಲ. ತೊಳದ ನೀರು ಚೆಲ್ಲಾಕ ಮನಸ್ಸಾಗ್ಲಿಲ್ಲ. ಬ್ಯಾರಲ್ಲಿನಾಗ ಹಿಡದು ಅದನ್ನ ತಿರುಗಿ ಹಾಕೇನಿ."

"ಕೆರಿ ನಡುವ ನಿಂತು ನೀರು ಉಳಸಾಕ ಹೊಂಟೀಯಲ್ಲಲೇ, ಎಂಥಾ ಮಳ್ಳ ಅದೀ."

ಬಯಲುಸೀಮೆಯ ಮಂದಿ, ಸಿಹಿನೀರು ಚೆಲ್ಲುವುದೆಂದರೆ ಕರುಳು ಕಿತ್ತಂತೆ. ಆದರೂ ಚೆಲ್ಲಿದರು. ಒಬ್ಬ ಬಾವಿಯಿಂದ ಹೊತ್ತ, ಒಬ್ಬ ಸುರಿದ. ತಾ, ಹಿಡಿ, ಬಿಡು, ಇಷ್ಟೇ ಮಾತು. ಆ ಇಷ್ಟೇ ಮಾತಿಗೆ ಹುಲ್ಲಪ್ಪನ ಜೀವ ಹಿಗ್ಗುತ್ತಿತ್ತು. ಕೊಡಗಳ ಭಾರವೂ ಗೊತ್ತಾಗಲಿಲ್ಲ.

ಕಡೆಗೆ ಹುಲ್ಲಪ್ಪ ಹಿಡಿಕೆ ಹಿಡಿದ, ಚಮನಸಾಬ ನಳಕ್ಕೆ ಬೊಗಸೆ ಒಡ್ಡಿದ. ಮೂಸಿ ನೋಡಿ, "ವಾಸನಿ ಹೋಗೈತಿ" ಎಂದ.

"ಮೂಸಿದ್ರ ಸಾಲಂಗಿಲ್ಲ. ಪಾಚಿ ರುಚಿ ಬಾಯಿಗಿ ಹಾಕ್ಕೊಂಡಾಗ ತಿಳಿತೈತಿ. ಕುಡದ ನೋಡು."

ಅಂದ ಮೇಲೆ ತಾನು ಏನು ಕೇಳಿದೆನೆಂದು ಹುಲ್ಲಪ್ಪನಿಗೆ ಹೊಳೆಯಿತು. ಚಮನಸಾಬ ಬೊಗಸೆಯ ನೀರು ನೋಡಿದ, ಹಿಡಿಕೆಯ ಮೇಲಿದ್ದ ಹುಲ್ಲಪ್ಪನ ಕೈ ನೋಡಿದ. ನೀರು ಬೆರಳಸಂದಿಯಿಂದ ಸೋರಿಹೋಯಿತು.

"ಇನ್ನೊಮ್ಮಿ ಹೊಡಿ" ಎಂದ. "ಕೂಸಿನ ಸಲುವಾಗಿ ಕುಡಿತೇನಿ. ನಿನ್ನ ಸಲುವಾಗಿ ಅಲ್ಲ."

ಕುಡಿದ. ಬಾಯೊಳಗೆ ಹೊರಳಾಡಿಸಿ ನುಂಗಿದ. "ಚಲೋ ಐತಿ."

ರಂಗವ್ವ ಹೋದ ಮೇಲೆ ಆ ಮಾತು ಕೇಳಿದ್ದು ಇವತ್ತೇ. ಹುಲ್ಲಪ್ಪನ ಕಣ್ಣು ತುಂಬಿ ಬಂದವು. "ಚಾ ಕಾಸ್ತೇನಿ, ಕುಂದ್ರು" ಎಂದ.

"ಒಲ್ಲೆ."

"ಬರೋ ಶನಿವಾರ?"

ಚಮನಸಾಬ ದೋಣಿಯಿಂದ ಇಳಿದು ಚಪ್ಪಲಿ ಮೆಟ್ಟಿದ. "ಬರ್ತೇನಿ. ನೀರು ನೋಡಾಕ. ಮಾತಾಡಾಕಲ್ಲ."

ನಡೆದುಬಿಟ್ಟ. ನೀರು ಒಂದು ಕೆಡದಿರಲಿ ಎಂದು ಬೀರಪ್ಪನಿಗೆ ಹರಕೆ ಹೊರುತ್ತ ಬಂದಿದ್ದ ಹುಲ್ಲಪ್ಪ, ಒಡ್ಡಿನ ಮೇಲೆ ದೂರವಾಗುತ್ತಿದ್ದ ಆ ಬೆನ್ನನ್ನೇ ನೋಡುತ್ತ ನಿಂತ. ಇಬ್ಬರೂ ಕೂಡಿ ಇನ್ನೊಂದು ಸಲ ತೊಳೆಯುವಷ್ಟಾದರೂ ವಾಸನೆ ಉಳಿದಿದ್ದರೆ ಚೆನ್ನಾಗಿತ್ತು ಎಂದುಕೊಂಡ.