ಕಾರ್ಡಿನ ಲಿಮಿಟ್ಟು ನಮ್ಮ ದುಡ್ಡಲ್ಲ

ಬೇಕರಿಯವನ ಅಮ್ಮನಿಗೆ ಉಸಿರಾಟದ ತೊಂದರೆ ಶುರುವಾದ ವಾರವೇ ಅವನ ಮೊಬೈಲಿಗೆ ಬ್ಯಾಂಕಿನ ಮೆಸೇಜು ಬಂತು. ಅವನ ಕ್ರೆಡಿಟ್ ಕಾರ್ಡಿನ ಲಿಮಿಟ್ಟು ಎರಡು ಪಟ್ಟಾಗಿತ್ತು. ಹಿಟ್ಟು ಮೆತ್ತಿದ ಕೈಯಲ್ಲೇ ಹೆಂಡತಿಗೆ ತೋರಿಸಿದ.

“ನೋಡೇ, ಬ್ಯಾಂಕಿನವ್ರಿಗೆ ನನ್ಮೇಲೆ ಎಷ್ಟು ನಂಬಿಕೆ! ನಿಮ್ಮಪ್ಪನೂ ಇಷ್ಟು ನಂಬಿರ್ಲಿಲ್ಲ.”

“ನಮ್ಮಪ್ಪ ಹೆಣ್ಣು ಕೊಟ್ರು, ಬಡ್ಡಿ ಕೇಳ್ಲಿಲ್ಲ,” ಎಂದು ಅವಳು ನಕ್ಕಳು.

ಆಸ್ಪತ್ರೆಯಲ್ಲಿ ಎಲ್ಲದಕ್ಕೂ ಆ ಕಾರ್ಡನ್ನೇ ಉಜ್ಜಿದ. ಆಕ್ಸಿಜನ್ನು, ಔಷಧಿ, ಹಾಸಿಗೆಯ ಬಾಡಿಗೆ. ಆಯಾಗೆ ಕೊಡಲು ಅದೇ ಕಾರ್ಡಿನಿಂದ ಎಟಿಎಮ್ಮಿನಲ್ಲಿ ನಗದನ್ನೂ ತೆಗೆದ. ಅಮ್ಮ ಉಳಿಯಲಿಲ್ಲ.

ಬಿಲ್ಲು ಬಂದಾಗ ಅದರಲ್ಲಿ ‘ಕನಿಷ್ಠ ಮೊತ್ತ’ ಎಂದಿತ್ತು. ಪ್ರತಿ ತಿಂಗಳೂ ತಪ್ಪದೆ ಅಷ್ಟನ್ನೇ ಕಟ್ಟಿದ. ಹೆಂಡತಿ ಕೇಳಿದರೆ, “ಅಷ್ಟು ಕಟ್ಟಿದ್ರೆ ಸಾಕು, ಅವ್ರೇ ಬರೆದಿದಾರಲ್ಲ” ಎನ್ನುತ್ತಿದ್ದ. ವರ್ಷ ಕಳೆದರೂ ಸಾಲ ಕರಗಲಿಲ್ಲ. ಅಷ್ಟರಲ್ಲಿ ಬೇಕರಿಯ ಒಲೆ ಕೈಕೊಟ್ಟಿತು. ಹೊಸ ಒಲೆಗೆ ಸಾಲ ಕೇಳಿದರೆ ಬ್ಯಾಂಕಿನವರು ಆಗಲ್ಲ ಎಂದರು. ಕಾರ್ಡಿನ ಲಿಮಿಟ್ಟನ್ನೂ ಇಳಿಸಿದರು.

ಹೆಂಡತಿ ತನ್ನ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಬೇರೊಂದು ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದಳು. ಬಂದವಳು ತಣ್ಣಗಾದ ಬೇಕರಿಯಲ್ಲಿ ಡಬ್ಬವೊಂದನ್ನು ಬೋರಲು ಹಾಕಿಕೊಂಡು ಕೂತಳು.

“ಒಂದು ತಿಂಗಳೂ ತಪ್ಪಿಸಿಲ್ಲ ಅತ್ತಿಗೆ. ಮತ್ಯಾಕೆ ಹೀಗೆ ಮಾಡಿದ್ರು?”

“ತಪ್ಪಿಸಿಲ್ಲ, ನಿಜ. ಆದ್ರೆ ಲಿಮಿಟ್ಟು ಪೂರ್ತಿ ಬಳಸಿಬಿಟ್ರಿ. ಆದಾಯ ಎಷ್ಟು, ಬೇರೆ ಸಾಲ ಏನಿದೆ, ಹಿಂದೆ ಹೇಗೆ ತೀರಿಸಿದ್ರಿ, ಲಿಮಿಟ್ಟಲ್ಲಿ ಎಷ್ಟು ಪಾಲು ಖಾಲಿ ಮಾಡಿದ್ರಿ, ಇದನ್ನೆಲ್ಲ ನೋಡ್ತಾರೆ. ಅದಕ್ಕೊಂದು ಅಂಕವೂ ಇದೆ, ಕ್ರೆಡಿಟ್ ಸ್ಕೋರ್ ಅಂತ. ದುಡ್ಡು ವಾಪಸ್ ಬರೋದು ಅನುಮಾನ ಅನ್ನಿಸಿದ್ರೆ ಲಿಮಿಟ್ಟು ಇಳಿಸ್ತಾರೆ, ಹೊಸ ಸಾಲಕ್ಕೆ ಬಡ್ಡಿ ಏರಿಸ್ತಾರೆ.”

“ಹಾಗಾದ್ರೆ ಆವತ್ತು ಎರಡು ಪಟ್ಟು ಮಾಡಿದ್ದು?”

“ಆಗ ಬಿಲ್ಲು ಪೂರ್ತಿ ಕಟ್ತಿದ್ರಿ. ಇವರಿಗೆ ಇನ್ನಷ್ಟು ಕೊಡಬಹುದು ಅಂತ ಲೆಕ್ಕ ಹಾಕಿದ್ರು, ಅಷ್ಟೇ.”

“ಬಡ್ಡಿ ಮೂರು ಪರ್ಸೆಂಟ್ ತಾನೆ? ಏನು ಮಹಾ?”

“ಅದು ತಿಂಗಳಿಗೆ! ವರ್ಷಕ್ಕೆ ಮೂವತ್ತಾರರ ಮೇಲೇ ಆಗತ್ತೆ. ನೀವು ಕಟ್ಟಿದ ಕನಿಷ್ಠ ಮೊತ್ತದಲ್ಲಿ ಬಹುಪಾಲು ಬಡ್ಡಿಗೇ ಹೋಯ್ತು, ಅಸಲು ಹಾಗೇ ಉಳೀತು. ಬಾಕಿ ಉಳಿಸ್ಕೊಂಡ್ರೆ ಹೊಸದಾಗಿ ಕೊಂಡಿದ್ದಕ್ಕೂ ಬಡ್ಡಿ ಬೀಳತ್ತೆ. ನಗದು ತೆಗೆದ್ರಂತೂ ಅವತ್ತಿಂದಲೇ ಶುರು.”

ಅವನು ಕೆಟ್ಟ ಒಲೆಯ ಬಾಗಿಲನ್ನು ಮುಚ್ಚಿದ.

“ಅಮ್ಮನ ಆಕ್ಸಿಜನ್ನಿಗೆ ಇನ್ನೂ ಬಡ್ಡಿ ಕಟ್ತಿದೀನಿ ಅತ್ತಿಗೆ. ಅಮ್ಮನೇ ಇಲ್ಲ.”

ಹೆಂಡತಿ ಗೋಡೆಯ ಕಡೆ ಮುಖ ತಿರುಗಿಸಿದಳು.

“ಆವತ್ತೇ ನಂಗೊಂದು ಫೋನ್ ಮಾಡಬಾರದಿತ್ತಾ?” ಎಂದಳು ಅಕ್ಕ.

ಮರುದಿನ ಮೂವರೂ ಅವನ ಬ್ಯಾಂಕಿಗೆ ಹೋದರು. ಬಾಕಿಯನ್ನೆಲ್ಲ ಕಡಿಮೆ ಬಡ್ಡಿಯ ಮಾಸಿಕ ಕಂತುಗಳಿಗೆ ಬದಲಾಯಿಸಿಕೊಂಡರು. ಸಾಲಕ್ಕೆ ಒಂದು ಕೊನೆ ಕಾಣಿಸಿತು. ಆದರೆ ಒಲೆ ಬರಲಿಲ್ಲ. ಅಂಗಡಿ ಬಿಟ್ಟುಕೊಡಬೇಕಾಯಿತು.

ಈಗ ಅವನು ಇನ್ನೊಬ್ಬರ ಬೇಕರಿಯಲ್ಲಿ ಹಿಟ್ಟು ನಾದುತ್ತಾನೆ. ಸಂಬಳ ಬಂದ ದಿನ ಗಂಡ ಹೆಂಡತಿ ಒಟ್ಟಿಗೆ ಕೂತು ಮೊದಲು ಕಂತು ಕಟ್ಟುತ್ತಾರೆ. ಮನೆಗೆ ಬರುವ ದಾರಿಯಲ್ಲೇ ಅವನ ಹಳೆಯ ಅಂಗಡಿ ಸಿಗುತ್ತದೆ. ಅಲ್ಲೀಗ ಯಾರೋ ಚಪ್ಪಲಿ ಮಾರುತ್ತಾರೆ. ಅವನು ರಸ್ತೆಯ ಆಚೆ ಬದಿಗೆ ದಾಟಿ ನಡೆಯುತ್ತಾನೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬಳಿಯೂ ಕಾರ್ಡಿದೆಯೆ? ಲಿಮಿಟ್ಟು ಏರಿಸುತ್ತೇವೆ ಎಂದರೆ ಬೇಡ ಎನ್ನಬಹುದು. ಬಡ್ಡಿ ವರ್ಷಕ್ಕೆ ಎಷ್ಟು ಎಂದು ಬಾಯಿಬಿಟ್ಟು ಕೇಳಿ. ಬಿಲ್ಲು ಪೂರ್ತಿ ಕಟ್ಟಿ. ಆಗದಿದ್ದರೆ ಮೊದಲ ತಿಂಗಳೇ ಬ್ಯಾಂಕಿಗೆ ಹೋಗಿ ದಾರಿ ಕೇಳಿ. ಮನೆಯಲ್ಲಿ ಕಾಯಿಲೆ, ಸಾವು ಬಂದ ದಿನಗಳಲ್ಲಂತೂ ಕಾರ್ಡು ತೆಗೆಯುವ ಮುಂಚೆ ತಿಳಿದವರೊಬ್ಬರನ್ನು ಪಕ್ಕಕ್ಕೆ ಕರೆದುಕೊಳ್ಳಿ. ಅಂಥ ಹೊತ್ತಿನಲ್ಲಿ ಯಾರಿಗೂ ಲೆಕ್ಕ ಕಾಣಿಸುವುದಿಲ್ಲ.