ಹೊನ್ನಾಜಿಯ ತಲೆ ಮೇಲಿನ ಕೊಡ

"ಇನ್ನೂವೆ ಇಳುಸ್ನಿಲ್ವಾ ಆ ಮಗಿನ ಕೊಡವ?"

ಕೆಂಪಾಜಮ್ಮ ಕೇಳಿದ್ದು ಯಾರನ್ನೂ ಅಲ್ಲ. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕುತ್ತಿಗೆಗೆ ಡಾಕ್ಟರು ಕೊಟ್ಟ ಪಟ್ಟಿ, ಹಣೆಗೆ ವಿಭೂತಿ, ಕಣ್ಣು ಮೊರದ ಕಡೆ. ಅಗರದ ಬೀದಿಯಲ್ಲಿ ಗೂಡ್ಸ್ ಆಟೊ ಒಂದು ಹಾಡು ಹಾಕಿಕೊಂಡು ಹೋಗಿತ್ತು. ಗಾಡಿ ತಿರುವು ದಾಟಿದರೂ ಗಿಟಾರಿನ ಸದ್ದು ಗೋಡೆಗೆ ಬಡಿದು ಬರುತ್ತಲೇ ಇತ್ತು.

ಒಳಗೆ ಸೀರೆಯ ನೆರಿಗೆ ಹಿಡಿದು ನಿಂತಿದ್ದ ಮಗಳು ದೀಪಶ್ರೀ ಆ ಮಾತು ಕೇಳಿಸಿಕೊಂಡಳು. ಹದಿನೈದು ವರ್ಷದಿಂದ ಆ ಹಾಡು ಕಿವಿಗೆ ಬಿದ್ದಾಗಲೆಲ್ಲ ಅವ್ವ ಗಾಳಿಯನ್ನು ಕೇಳುತ್ತಿದ್ದದ್ದು ಇದೊಂದನ್ನೇ. ಅವ್ವ ಒಂದು ಸಲ ಬಾಯಿತುಂಬ ಬೈದುಬಿಟ್ಟಿದ್ದರೆ ತನ್ನ ಎದೆ ಹಗುರಾಗುತ್ತಿತ್ತು ಎಂದು ದೀಪಶ್ರೀಗೆ ಎಷ್ಟೋ ದಿನ ಅನ್ನಿಸಿತ್ತು. ಅವ್ವ ಬೈಯಲಿಲ್ಲ.

ಹಾಡು 'ಸಿಡಿಲುಮರ'ದ್ದು. ಕೊಳ್ಳೇಗಾಲದ ಕಾಲೇಜಿನಲ್ಲಿ ಓದುತ್ತಿದ್ದ ನಾಲ್ಕು ಹುಡುಗರು ಸೇರಿ ಕಟ್ಟಿದ ರಾಕ್ ಬ್ಯಾಂಡು ಅದು. ಕಾಲೇಜಿನ ಬಯಲಲ್ಲಿ ಸಿಡಿಲು ಬಡಿದು ಬೋಳಾಗಿ ನಿಂತಿದ್ದ ಹುಣಸೆಮರದ ಹೆಸರನ್ನೇ ಇಟ್ಟುಕೊಂಡಿದ್ದರು. ಈಗ ಅವರು ದೊಡ್ಡ ಊರುಗಳಲ್ಲಿ ಹಾಡುತ್ತಾರೆ. ಯಾವ ಊರಿಗೆ ಹೋದರೂ ಕೊನೆಗೆ ಜನ ಕೇಳುವುದು ಆ ಒಂದು ಹಾಡನ್ನೇ.

ಹಾಡಿನ ಪದ ಮಾತ್ರ ಆ ಹುಡುಗರದಲ್ಲ. ಅದು ಕೆಂಪಾಜಮ್ಮ ತನ್ನ ಅತ್ತೆಯಿಂದ ಕಲಿತದ್ದು. ಕಾರ್ತಿಕದ ಸೋಮವಾರಗಳಲ್ಲಿ ಇದೇ ಜಗಲಿಯ ಮೇಲೆ ದೀಪ ಹಚ್ಚಿ, ತುಂಬಿದ ಚೊಂಬು ಮುಂದಿಟ್ಟು, ಅವಳು ಹೊನ್ನಾಜಿಯ ಕತೆ ಹೇಳುತ್ತಿದ್ದಳು. ಬೇಸಗೆಯಲ್ಲಿ ಊರ ಬಾವಿ ಬತ್ತಿ, ಹೊಸದಾಗಿ ಬಂದ ಸೊಸೆ ಹೊನ್ನಾಜಿ ನೀರಿಗೆಂದು ಕಾಡು ಹೊಕ್ಕಳು. ನೀರು ಸಿಕ್ಕಿತು, ಕೊಡ ತುಂಬಿತು, ತಲೆಗೇರಿತು. ಬರುವ ದಾರಿಯಲ್ಲಿ ಅಂಗಾಲಿಗೆ ಮುಳ್ಳು ಮುರಿಯಿತು. ಬಾಗಿದರೆ ನೀರು ಚೆಲ್ಲುತ್ತದೆ, ಬಾಗದಿದ್ದರೆ ಮುಳ್ಳು ಬರುವುದಿಲ್ಲ.

ತುಂಬಿದ ಕೊಡ ತಲೆ ಮ್ಯಾಲೆ, ತುಳಿದ ಮುಳ್ಳು ಕಾಲೊಳಗೆ,
ಬಾಗಲಾರೆ ನಡೆಯಲಾರೆ, ಬಾಯೊಣಗಿ ನಿಂತೀನಿ,
ಕೊಡ ಇಳಿಸೋರಿಲ್ಲ ಕಾಡೊಳಗೆ.

ಇಲ್ಲಿಂದ ಮುಂದೆ ಇನ್ನೂ ಹನ್ನೊಂದು ಸಾಲು. ಆ ಸಾಲುಗಳಲ್ಲಿ ಒಬ್ಬ ಮುದುಕ ಅಯ್ಯ ಬರುತ್ತಾನೆ. ಅವ್ವಾ, ಬಾಯಾರಿಕೆ, ಒಂದು ಬೊಗಸೆ ನೀರು ಕೊಡು ಎನ್ನುತ್ತಾನೆ. ಕುಡಿಯಬೇಕಾದರೆ ಕೊಡ ಇಳಿಸಬೇಕಲ್ಲ, ಅವನೇ ಕೈ ಕೊಟ್ಟು ಇಳಿಸುತ್ತಾನೆ. ಕುಡಿದು, ಮುಳ್ಳು ಕಿತ್ತು, ಕೊಡವನ್ನು ಮತ್ತೆ ತಲೆಗೆ ಎತ್ತಿಕೊಟ್ಟು ಕಳಿಸುತ್ತಾನೆ.

ಪದ ಹೇಳುವವರ ಮನೆಗಳಲ್ಲಿ ಒಂದು ಕಟ್ಟಳೆ. ಕತೆಯೊಳಗಿನ ಜೀವ ಸಂಕಟದಲ್ಲಿರುವಾಗ ಪದ ನಿಲ್ಲಿಸಬಾರದು. ಮಗು ಅತ್ತರೂ, ಮಳೆ ಬಂದರೂ, ಆ ಜೀವವನ್ನು ನೆರಳಿಗೆ ತಂದು ನಿಲ್ಲಿಸಿ ಆಮೇಲೆ ಏಳಬೇಕು. ಒಂದು ಸೋಮವಾರ ಕೆಂಪಾಜಮ್ಮ ಇದೇ ಜಾಗಕ್ಕೆ ಬಂದಾಗ ಮಾಂಬಳ್ಳಿಯಿಂದ ಅವಳ ಕೊನೆಯ ತಮ್ಮ ತೀರಿಹೋದ ಸುದ್ದಿ ಬಂತು. ಸುದ್ದಿ ತಂದವನು ಎದುರಿಗೆ ನಿಂತಿದ್ದಂತೆಯೇ ಅವಳು ಹನ್ನೊಂದು ಸಾಲನ್ನೂ ಹೇಳಿ, ಕೊಡ ಇಳಿಸಿ, ಮುಳ್ಳು ತೆಗೆಸಿ, ಆಮೇಲೆ ಎದೆ ಬಡಿದುಕೊಂಡು ಅತ್ತಳು.

ಅಂಥವಳ ಮಗಳು ಅರ್ಧಕ್ಕೆ ನಿಲ್ಲಿಸಿದ್ದಳು. ಅದೂ ಬಸ್ಸು ಬಂತೆಂದು.

ಆಗ ದೀಪಶ್ರೀಗೆ ಇಪ್ಪತ್ತು. ಕೊನೆಯ ವರ್ಷದ ಬಿ.ಎ. ಹುಡುಗರು ಅಭ್ಯಾಸ ಮಾಡುತ್ತಿದ್ದದ್ದು ರೇಷ್ಮೆ ನೂಲು ಬಿಚ್ಚುವ ಹಳೆಯ ಶೆಡ್ಡೊಂದರಲ್ಲಿ. ಮಿಷಿನ್ನು ನಿಂತು ವರ್ಷವಾಗಿದ್ದರೂ ಬೇಯಿಸಿದ ಗೂಡಿನ ವಾಸನೆ ಹೋಗಿರಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ಆ ಶೆಡ್ಡು. ಅವಳು ಮೆಟ್ಟಿಲ ಬಳಿ ನಿಂತು ಕೇಳುತ್ತಿದ್ದಳು, ಒಳಗೆ ಹೋಗುತ್ತಿರಲಿಲ್ಲ. ಅವಳದೇ ತರಗತಿಯ ಮಾದು ಡ್ರಮ್ಮು ಬಾರಿಸುವವನು, ಬಂಡಳ್ಳಿಯವನು. ಹಾಡುವವನು ಹನೂರಿನ ಉದಯಕುಮಾರ್. ಒಂದು ದಿನ ಮಾದು ಬಾಗಿಲಿಗೆ ಬಂದು, ನಿಮ್ಮವ್ವ ಪದ ಹೇಳ್ತದಂತಲ್ಲ, ಒಂದು ಹೇಳು, ಕಾಲೇಜ್ ಡೇಗೆ ಬೇಕು ಎಂದ. ಅವಳು ಗೋಡೆ ಕಡೆ ಮುಖ ಮಾಡಿ ಹೇಳಿದಳು. ಮಾದು ಎಕನಾಮಿಕ್ಸ್ ನೋಟಿನ ಹಿಂದೆ ಬರೆದುಕೊಂಡ. ಕೊಡ ಇಳಿಸೋರಿಲ್ಲ ಎನ್ನುವಷ್ಟರಲ್ಲಿ ಯಳಂದೂರಿನ ನಾಲ್ಕೂ ನಲವತ್ತರ ಬಸ್ಸು ಹಾರ್ನ್ ಮಾಡಿತು. ಮಿಕ್ಕಿದ್ದು ನಾಳೆ ಎಂದು ಓಡಿದಳು.

ನಾಳೆ ಬರಲಿಲ್ಲ. ಹುಡುಗರ ಶೆಡ್ಡಿನ ಬಾಗಿಲಲ್ಲಿ ಅವಳು ನಿಂತದ್ದನ್ನು ದೊಡ್ಡ ಸೋದರಮಾವ ಕಂಡಿದ್ದ. ಪರೀಕ್ಷೆ ಬರೆಯಲು ಹೋಗಿ ಬಂದದ್ದು ಬಿಟ್ಟರೆ ಅವಳ ಕಾಲೇಜು ಅಲ್ಲಿಗೆ ಮುಗಿಯಿತು.

ಆರು ತಿಂಗಳಾದ ಮೇಲೆ ಯಳಂದೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಮೊಬೈಲಿನಿಂದ ಆ ಹಾಡು ಬಂತು. ಕೆಂಪಾಜಮ್ಮ ನಿಂತು ಕೊನೆತನಕ ಕೇಳಿದಳು, ಕೊನೆಯೇ ಇರಲಿಲ್ಲ. ಯಾರು ಹೇಳಿಕೊಟ್ಟರೆಂದು ಮಗಳನ್ನು ಕೇಳಿದಳು. ದೀಪಶ್ರೀ ಒಪ್ಪಿಕೊಂಡಳು. ಆ ಕಾರ್ತಿಕದಲ್ಲೂ, ಆಮೇಲಿನ ಯಾವ ಕಾರ್ತಿಕದಲ್ಲೂ ಜಗಲಿಯ ಮೇಲೆ ದೀಪ ಹಚ್ಚಲಿಲ್ಲ. ಬಂದ ಹೆಂಗಸರಿಗೆ ಕೆಂಪಾಜಮ್ಮ, ಒಂದು ಹೆಣ್ಣುಮಗ ಕಾಡಲ್ಲಿ ಒಂಟಿಕಾಲಲ್ಲಿ ನಿಂತಿರುವಾಗ ಇನ್ನೊಂದು ಕತೆ ಹೇಗೆ ಎತ್ತಲಿ ಎಂದು ಹೇಳಿ ಕಳಿಸಿದಳಂತೆ. ದೀಪಶ್ರೀ ಒಂದು ಸಂಜೆ ತಾನೇ ಹನ್ನೊಂದು ಸಾಲನ್ನೂ ಹೇಳಿ ಮುಗಿಸಿದಾಗ ಅವ್ವ ತಲೆಯಾಡಿಸಿದ್ದಳು.

"ನೀ ಇಲ್ಲಿ ಇಳಿಸುದ್ರೆ ಅಲ್ಲಿ ಇಳುದದಾ ಮಗ? ಊರೂರ್ಗೂ ಒತ್ಕಂಡು ಓಯ್ತಾವ್ನಲ್ಲ, ಅವ್ನ ಬಾಯಲ್ಲೇ ಇಳೀಬೇಕು."

ಕುತ್ತಿಗೆ ನೋವು ಶುರುವಾದದ್ದು ಆಮೇಲೆ. ಮೂಳೆ ಸವೆದಿದೆ ಎಂದರು ಡಾಕ್ಟರು. ಕೆಂಪಾಜಮ್ಮ ಅವರಿಗೂ ಹೂಂ ಎಂದಳು. ಈ ವರ್ಷ ಗಂಟಲೂ ಕೈಕೊಡತೊಡಗಿತ್ತು. ಮುಂದಿನ ಕಾರ್ತಿಕಕ್ಕೆ ಪದ ಹೇಳಲು ದನಿಯೇ ಉಳಿಯದೆ ಹೋಗಬಹುದು. ಅಷ್ಟರೊಳಗೆ ಒಂದು ಸಲ ಆ ಬಾಯಿ ಹೊನ್ನಾಜಿಯ ಕೊಡ ಇಳಿಸಿದರೆ ಅವ್ವ ಒಂದು ಸೋಮವಾರ ದೀಪ ಹಚ್ಚಿ ಕೂತಾಳು. ದೀಪಶ್ರೀಗೆ ಬೇಕಾಗಿದ್ದದ್ದು ಅಷ್ಟೇ. ಹನ್ನೊಂದು ಸಾಲನ್ನು ದುಂಡಗೆ ಬರೆದು, ಮಡಿಸಿ, ಬ್ಯಾಗಿನಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ಬ್ಯಾಂಡಿಗೆ ಹದಿನೈದು ತುಂಬಿದ್ದಕ್ಕೆ ಅಂದು ಸಂಜೆ ಕಾಲೇಜು ಬಯಲಲ್ಲಿ ಕಾರ್ಯಕ್ರಮ. ಅದಕ್ಕೂ ಮುಂಚೆ ಕೊಳ್ಳೇಗಾಲದ ಸಮುದಾಯ ಭವನವೊಂದರಲ್ಲಿ ಹಳೆಯ ಅಭಿಮಾನಿಗಳ ಕೂಟ. ನೆನಪು ಹೇಳುವುದು, ವೀಡಿಯೊ ಮಾಡುವುದು. ಏರ್ಪಾಡು ಶಾಂತಮೂರ್ತಿಯದು. ಕಾಲೇಜಿನಲ್ಲಿದ್ದಾಗ ಬ್ಯಾಂಡಿನ ವೈರು ಹೊರುತ್ತಿದ್ದವನು, ಈಗ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದಾನೆ. ನೀನು ಬರ್ಲೇಬೇಕು ಕಣಮ್ಮಿ, ಮೆಟ್ಟಿಲ ಮೇಲೆ ನಿಂತು ಕೇಳ್ತಿದ್ದ ಒಬ್ಳೇ ಹುಡುಗಿ ನೀನು ಎಂದು ಮೂರು ಸಲ ಫೋನು ಮಾಡಿದ್ದ.

ನಲವತ್ತು ಜನ ಬಂದಿದ್ದರು. ಹೊಟ್ಟೆ ಬಂದವರು, ಕೂದಲು ಹೋದವರು, ಮಕ್ಕಳನ್ನು ಸೊಂಟಕ್ಕೆ ಹಾಕಿಕೊಂಡವರು. ಒಬ್ಬೊಬ್ಬರೇ ಮೈಕು ಹಿಡಿದರು. ಮೊದಲ ಕಾಲೇಜ್ ಡೇಯಲ್ಲಿ ಸ್ಪೀಕರು ಶಾಮಿಯಾನದ ಅಂಗಡಿಯದು, ಡ್ರಮ್ಮು ಮದುವೆ ಬ್ಯಾಂಡ್‌ಸೆಟ್ಟಿನದು. ಅಂದು ಮಾದು ಬಾರಿಸಿದ ಏಟಿಗೆ ಡ್ರಮ್ಮಿನ ಚರ್ಮ ಹರಿದು, ಬ್ಯಾಂಡ್‌ಸೆಟ್ಟಿನ ಯಜಮಾನ ವೇದಿಕೆ ಹತ್ತಿ ಅವನ ಕಿವಿ ಹಿಂಡಿದ್ದ. ಅದೂ ಕಾರ್ಯಕ್ರಮದ ಭಾಗವೆಂದು ಜನ ಚಪ್ಪಾಳೆ ಹೊಡೆದಿದ್ದರು. ನಡುವೆ ಕರೆಂಟು ಹೋದಾಗ ಗಿಟಾರು ಸತ್ತಿತು, ಉದಯ ಬರಿಗಂಟಲಲ್ಲಿ ಹಾಡಿದ, ಇಡೀ ಬಯಲು ತೊಡೆ ತಟ್ಟಿ ತಾಳ ಹಾಕಿತು.

"ಅವತ್ತು ಫ್ಯೂಸ್ ಕಿತ್ತಾಕಿದ್ದು ನೀನೇ ಕಣ್ಲಾ ಶಾಂತ," ಎಂದು ಹಿಂದಿನಿಂದ ಯಾರೋ ಕೂಗಿದರು. "ಈಗ ಅಂಗ್ಡಿ ಮಡ್ಗವ್ನೆ, ಯಾರ್ ಮನೆ ಸುಡ್ತಾನೋ."

ಎಲ್ಲರೂ ನಕ್ಕರು. ಆಮೇಲೆ ಮಾದುವಿನ ಮಾತು ಬಂತು, ನಗು ನಿಂತಿತು. ಮಾದು ಹೋಗಿ ನಾಲ್ಕು ವರ್ಷವಾಗಿತ್ತು. ಮಳೆಯ ಸಂಜೆ ಬೈಕಿನಲ್ಲಿ ಊರಿಗೆ ಹೋಗುವಾಗ ತಿರುವಿನಲ್ಲಿ ಜಾರಿ ಹಳ್ಳಕ್ಕೆ ಬಿದ್ದಿದ್ದ. ಬೆಳಿಗ್ಗೆ ಆಡು ಹೊಡೆದುಕೊಂಡು ಬಂದವರು ನೋಡುವವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ. ಬಂಡಳ್ಳಿಯಲ್ಲಿ ಮಣ್ಣು ಮಾಡುವಾಗ ಭಜನೆಯವರು ಸುಮ್ಮನಾದ ಮೇಲೆ ಒಬ್ಬ ಹುಡುಗ ಕೊಡ ಇಳಿಸೋರಿಲ್ಲ ಎಂದು ಎತ್ತಿದನಂತೆ, ನೂರು ಜನ ದನಿಗೂಡಿಸಿದರಂತೆ.

ಆ ಹಾಡು ಹುಟ್ಟಿದ ಕತೆಯನ್ನು ಶಾಂತಮೂರ್ತಿಯೇ ಹೇಳಿದ. ಪಾಲಾರಿನ ಹತ್ತಿರ ಬಂಡೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬಳು ಮಾದುವಿಗೆ ಹಾಡಿಕೊಟ್ಟು, ತಿರುಗಿ ನೋಡುವಷ್ಟರಲ್ಲಿ ಕಾಣೆಯಾದಳು. ಎಲ್ಲರಿಗೂ ಗೊತ್ತಿದ್ದ ಕತೆಯೇ. ದೀಪಶ್ರೀ ತಲೆ ತಗ್ಗಿಸಿ ಕೇಳಿದಳು. ಹೆಸರು ಬೇಕೆಂದು ಅವಳು ಬಂದಿರಲಿಲ್ಲ. ಮೈಕು ತನ್ನ ಬಳಿ ಬಂದಾಗ, ಚೆನ್ನಾಗಿ ಹಾಡ್ತಿದ್ರು ಎಂದಷ್ಟೇ ಹೇಳಿ ದಾಟಿಸಿದಳು. ಕೊನೆಗೆ ಸ್ಪೀಕರಿನಲ್ಲಿ ಆ ಹಾಡು ಹಾಕಿದರು, ನಲವತ್ತು ಜನ ಕಣ್ಣುಮುಚ್ಚಿ ಹಾಡಿದರು. ಪಕ್ಕದಲ್ಲಿದ್ದ ದಪ್ಪನೆಯ ಮನುಷ್ಯನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ದೀಪಶ್ರೀಯ ತುಟಿ ಅಲುಗಲಿಲ್ಲ. ಹಾಡು ಎಂದಿನಂತೆ ಕಾಡೊಳಗೆ ನಿಂತಿತು. ಅವಳ ಬಾಯಲ್ಲಿ ಮುಂದಿನ ಸಾಲು ತಾನಾಗಿ ಬಂದು ಹಲ್ಲಿನ ಹಿಂದೆ ಉಳಿಯಿತು.

ಊಟಕ್ಕೆ ಎದ್ದಾಗ ಅವಳು ಉದಯಕುಮಾರನನ್ನು ಹುಡುಕಿಕೊಂಡು ಹೋದಳು. ಅಡುಗೆ ಪಾತ್ರೆ ಇಡುವ ಹಿಂದಿನ ಕೋಣೆಯಲ್ಲಿ, ಮಗುಚಿಟ್ಟ ಕೊಪ್ಪರಿಗೆಯ ಮೇಲೆ ಒಬ್ಬನೇ ಕೂತು ಟೀ ಕುಡಿಯುತ್ತಿದ್ದ. ಗಡ್ಡದಲ್ಲಿ ಅಲ್ಲಲ್ಲಿ ಬಿಳಿ. ಅವಳನ್ನು ಕಂಡು ಎದ್ದು ನಿಂತ.

"ಮೆಟ್ಲು ದೀಪ ಅಲ್ವಾ?"

ನೀವು ಎಂದು ಮಾತು ಎತ್ತಿದಳು. ನೀವು ಗೀವು ಅನ್ಬ್ಯಾಡ ಕಣವ್ವ ಎಂದು ತಾನೇ ಕುರ್ಚಿ ಎಳೆದು ಕೊಟ್ಟ. ಪಾಲಾರಿನ ಅಜ್ಜಿಯ ವಿಷಯ ಅವನೇ ತೆಗೆದ. ಅದು ಮಾದು ಕಟ್ಟಿದ ಕತೆಯಂತೆ. ಅವಳ ಮಾವ ಶೆಡ್ಡಿಗೆ ಬಂದು ಕೂಗಾಡಿ ಹೋದ ಮೇಲೆ, ಆ ಹುಡುಗಿ ಹೆಸರು ಯಾರ ಬಾಯಲ್ಲೂ ಬರಬಾರದು ಎಂದು ಮಾದು ಎಲ್ಲರಿಂದ ಮಾತು ತೆಗೆದುಕೊಂಡನಂತೆ. ದೀಪಶ್ರೀಗೆ ಇದು ಗೊತ್ತಿರಲಿಲ್ಲ.

ಆಮೇಲೆ ಕಾಗದ ತೆಗೆದು ಕೊಟ್ಟಳು. ಪದ ಅಲ್ಲಿಗೆ ಮುಗಿಯುವುದಿಲ್ಲ ಎಂದಳು. ಅವ್ವನ ಜಗಲಿ, ಹಚ್ಚದ ದೀಪ, ಕುತ್ತಿಗೆ, ಸೋಲುತ್ತಿರುವ ಗಂಟಲು, ಎಲ್ಲವನ್ನೂ ಹೇಳಿದಳು. ಅಷ್ಟು ಮಾತನ್ನು ಒಟ್ಟಿಗೆ ಅವಳು ಯಾರೊಂದಿಗೂ ಆಡಿರಲಿಲ್ಲ. ಉದಯಕುಮಾರ್ ಓದಿದ. ಓದುತ್ತ ಓದುತ್ತ ಅವನ ತುಟಿ ರಾಗ ಹಿಡಿಯಿತು, ಬೆರಳು ಮೊಣಕಾಲ ಮೇಲೆ ತಾಳ ಹಾಕಿತು. ಹಾಡಿಯಾನು ಎಂದು ದೀಪಶ್ರೀಗೆ ಆಗ ಅನ್ನಿಸಿತು. ಮುದುಕ ಅಯ್ಯ ಕೈ ಚಾಚುವ ಸಾಲಿಗೆ ಬಂದಾಗ ಬೆರಳು ನಿಂತಿತು.

"ಚೆಂದಾಗದೆ," ಎಂದ. ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿದ. "ಅವತ್ತು ಮಳೇಲಿ ಮಾದ ಇಡೀ ರಾತ್ರಿ ಜೀವ ಇಡ್ಕಂಡಿದ್ನಂತೆ ದೀಪಾ. ಡಾಕ್ಟ್ರು ಏಳುದ್ರು. ಕೈಲಿ ಮಣ್ಣು ಕೆರೆದಿದ್ದ. ರೋಡು ಹತ್ತು ಮಾರು ದೂರ. ಯಾವ ಅಯ್ಯನೂ ಬರ್ನಿಲ್ಲ."

"ಅದ್ಕೂ ಇದ್ಕೂ..."

"ನಾ ಈ ಪದ ಆಡೋದು ಅವುನ್ಗೆ ಕಣವ್ವ. ಪ್ರತಿ ಸಲ ಆ ಜಾಗುಕ್ ಬಂದಾಗ, ಅವ್ನು ಅಲ್ಲೇ ಅವ್ನೆ ಅಂತ ನಂಗೊತ್ತು. ನಾನೂ ಅಲ್ಲೇ ಒಸಿ ಒತ್ತು ನಿಂತ್ಕತೀನಿ. ಈಗ ಯಾರೋ ಬಂದ್ರು, ಇಳಿಸುದ್ರು, ಮುಳ್ಳು ಕಿತ್ರು ಅಂತ ಯಾವ್ ಬಾಯಲ್ಲಿ ಏಳ್ಲಿ?"

ಮಾದು ಬರೆದುಕೊಂಡ ಎಕನಾಮಿಕ್ಸ್ ನೋಟಿನ ಹಾಳೆಯಲ್ಲಿ ಕೊಡ ಇಳಿಸೋರಿಲ್ಲ ಎಂಬುದರ ಕೆಳಗೆ ಎಷ್ಟು ಜಾಗ ಖಾಲಿ ಉಳಿದಿತ್ತೋ ಎಂದು ದೀಪಶ್ರೀ ಯೋಚಿಸಿದಳು. ಅಂದು ಆ ಬಸ್ಸು ಬಿಟ್ಟು ಇನ್ನೊಂದಕ್ಕೆ ಹೋಗಿದ್ದರೆ ಬಂಡಳ್ಳಿಯ ಮಣ್ಣಿನ ಮುಂದೆ ಆ ನೂರು ಜನ ಪೂರ್ತಿ ಪದ ಹಾಡುತ್ತಿದ್ದರು. ಹೊರಗೆ ಶಾಂತಮೂರ್ತಿ ಎರಡನೇ ಪಂಕ್ತಿಗೆ ಜನ ಕರೆಯುತ್ತಿದ್ದ.

"ಒಂದೇ ಒಂದ್ಸಲ, ಉದಯ," ಎಂದಳು. "ಬಯಲಲ್ಲಿ ಬ್ಯಾಡ. ಇಲ್ಲೇ, ಈ ಪಾತ್ರೆಗೋಳ್ ಮುಂದ್ಗಡೆ. ನಾನು ಫೋನ್ ಇಡೀತೀನಿ, ಅವ್ವ ಅಲ್ಲಿಂದ್ಲೇ ಕೇಳುಸ್ಕತ್ತಳೆ. ಮಿಕ್ಕೋರ್ಗೆ ಗೊತ್ತಾಗೋದೇ ಬ್ಯಾಡ. ಅನ್ನೊಂದು ಸಾಲು."

ಅವನು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ಹಿಂತಿರುಗಿಸುವವನಂತೆ ಅವಳ ಮುಂದೆ ಚಾಚಿದ.

"ಇಲ್ಲ ದೀಪಾ. ನಾ ಆಡಕಿಲ್ಲ. ಇಲ್ಲೂ ಆಡಕಿಲ್ಲ, ಎಲ್ಲೂ ಆಡಕಿಲ್ಲ."